ಬಾಡಿಲ್ಲದ ಬರ್ಗರ್: ಮೊದಲ ಸಲ ತಿನ್ನೋರಿಗೆ ಬೀಗರ ಊಟದ ಅಡುಗೆಯವನ ನಾಲ್ಕು ಮಾತು

ಮೊದಲನೇ ಮಾತು: ಪಾರ್ಸಲ್ ತರಿಸಬೇಡಿ. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನ ನೆನಪಿಟ್ಟುಕೊಳ್ಳಿ. ಸೋಯಾ, ಬಟಾಣಿಯಲ್ಲಿ ಬಾಡಿನ ಹಾಗೆ ಮಾಡಿರೋ ಈ ಬರ್ಗರನ್ನ ಪಾರ್ಸಲ್ ತಿಂದೇ ಒಂದು ತಿಂಗಳು ಬೈದುಕೊಂಡು ಓಡಾಡಿದವನು ನಾನು.

ನಂದು ಮಂಡ್ಯ. ಇಪ್ಪತ್ತಾರು ವರ್ಷದಿಂದ ಬೀಗರ ಊಟದ ಅಡುಗೆ ಕಂಟ್ರಾಕ್ಟ್ ಮಾಡ್ತಿದ್ದೀನಿ. ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ, ಕೈಮ ಉಂಡೆ, ಚಾಪ್ಸು, ಕೊನೆಗೆ ಅನ್ನ-ಸಾರು. ಐನೂರು ಎಲೆ ಅಂದರೆ ಎಷ್ಟು ಕೆಜಿ ಬಾಡು ಬೇಕು ಅಂತ ಕಾಗದ-ಪೆನ್ನು ಇಲ್ಲದೆ ಹೇಳ್ತೀನಿ. ಬನ್ನೂರು ಕುರಿಯ ಬಾಡನ್ನ ಕಣ್ಣು ಮುಚ್ಚಿ ಬೆರಳಲ್ಲಿ ಒತ್ತಿ ಗುರುತು ಹಿಡೀತೀನಿ ಅಂತ ಜಂಬ ಕೊಚ್ಚಿಕೊಳ್ಳೋದೂ ಉಂಟು. ಮನೆಯವಳು ಅದನ್ನ ಒಪ್ಪಲ್ಲ, ಆ ಮಾತು ಬೇರೆ.

ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಓದ್ತಾಳೆ. ಹೋದ ವರ್ಷ ಆಷಾಢ. ಮದುವೆ ಇಲ್ಲ, ಬೀಗರ ಊಟ ಇಲ್ಲ, ಪಾತ್ರೆಗಳೆಲ್ಲ ಶೆಡ್ಡಿನಲ್ಲಿ ಬೋರಲು ಬಿದ್ದಿದ್ದವು. ಡಾಕ್ಟರು ಬಿಪಿ ನೋಡಿ, 'ವಾರಕ್ಕೆ ನಾಲ್ಕು ದಿನ ಬಾಡು ಸಾಕು ಮಾಡಿ, ಒಂದು ದಿನಕ್ಕೆ ಇಳಿಸಿ' ಅಂದಿದ್ದರು. ಅದನ್ನೇ ಹಿಡಕೊಂಡು ಮಗಳು ಒಂದು ಶನಿವಾರ ಮೈಸೂರಿಂದ ಬರ್ತಾ ಪ್ಲಾಂಟ್ ಬೇಸ್ಡ್ ಬರ್ಗರ್ ಅಂತ ಒಂದು ಪೊಟ್ಟಣ ತಂದಳು. ಅಂಗಡಿಯಿಂದ ಬಸ್‌ಸ್ಟ್ಯಾಂಡು, ಅಲ್ಲಿಂದ 45 ಕಿಲೋಮೀಟರ್ ಮಂಡ್ಯ, ಆಮೇಲೆ ಆಟೋ. ನನ್ನ ಕೈಗೆ ಬರೋ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಬಿಸಿ ಮಾಡಿಕೊಡ್ತೀನಿ ಅಂದವಳ ಮಾತು ಕೇಳದೆ ಬಾಯಿಗಿಟ್ಟೆ. ಬನ್ನು ಮಳೆಯಲ್ಲಿ ನೆನೆದ ರಟ್ಟಿನ ಥರ. ಒಳಗಿನ ಬಿಲ್ಲೆ ಹಲ್ಲಿಗೆ ಸಿಗೋ ಮೊದಲೇ ಪುಡಿಪುಡಿ. ಬಾಯಿಯ ಅಂಗಳಕ್ಕೆ ಮೇಣ ಮೆತ್ತಿದ ಹಾಗೆ ಏನೋ ಅಂಟಿಕೊಂಡಿತು.

"ನಿಮ್ ಕಾಲೇಜಲ್ಲಿ ಇದ್ನೇ ಏನವ್ವ ಹೇಳ್ಕೊಡೋದು?" ಅಂದೆ.

"ನಿಮ್ ಚಾಪ್ಸ್‌ನ ಕವರ್‌ಗೆ ಹಾಕಿ ಎರಡ್ ಗಂಟೆ ಬಸ್ಸಲ್ಲಿ ಕೂರ್ಸಿ, ತಣ್ಣಗೆ ತಿಂದ್ ನೋಡಿ ಅಪ್ಪಾಜಿ. ಆಮೇಲ್ ಮಾತಾಡಾನ" ಅಂದಳು.

ಅವಳ ಮಾತು ನ್ಯಾಯವೇ. ಆದರೆ ಅಪ್ಪ ಆದವನು ಅಷ್ಟು ಬೇಗ ಒಪ್ಪಿಕೊಳ್ಳೋಕೆ ಆಗುತ್ತಾ? ಒಂದು ತಿಂಗಳು ಬೈದೆ. ಆಮೇಲೆ ಮೈಸೂರಿಗೇ ಹೋಗಿ, ಅಂಗಡಿಯಲ್ಲೇ ಕೂತು, ಬಿಸಿಬಿಸಿ ತಿಂದೆ. ಇದುವರೆಗೆ ಐದು ಸಲ ಆಗಿದೆ. ಈ ಬರಹ ಆ ಐದು ಸಲದ ಲೆಕ್ಕ.

ತಣ್ಣಗಾದರೆ ಯಾಕೆ ಕೆಡುತ್ತೆ

ಕಾಲು ಸಾರು ಮಾಡಿದವರಿಗೆ ಗೊತ್ತು: ಬಿಸಿ ಇದ್ದಾಗ ನೀರು ನೀರು, ಬೆಳಗ್ಗೆ ಎದ್ದು ನೋಡಿದರೆ ಗಟ್ಟಿ, ಚಾಕುವಿನಲ್ಲಿ ಕೊಯ್ಯಬಹುದು. ಮೂಳೆಯ ಅಂಟು ಹಾಗೆ. ಈ ಬರ್ಗರಿನ ಬಿಲ್ಲೆಗೆ, ಅಂದರೆ ಪ್ಯಾಟಿಗೆ, ಸಾಮಾನ್ಯವಾಗಿ ಹಾಕೋ ಅಂಟಿನ ಹೆಸರು ಮೀಥೈಲ್ ಸೆಲ್ಯುಲೋಸ್. ಗಿಡದ ನಾರಿಂದ ಕಾರ್ಖಾನೆಯಲ್ಲಿ ಮಾಡಿದ್ದು. ಅದರ ಗುಣ ಕಾಲು ಸಾರಿಗೆ ಪೂರ್ತಿ ಉಲ್ಟಾ. ಕಾದಾಗ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತೆ, ಆರಿದಾಗ ಸಡಿಲ ಬಿಡುತ್ತೆ. ಹಾಗಾಗಿ ಹಂಚಿನ ಮೇಲಿಂದ ಇಳಿಸಿದ ಹೊತ್ತಿಗೆ ಕೈಮದ ಹಾಗೆ ಬಿಗಿಯಾಗಿರೋದು, ಬಸ್ಸಿಳಿಯೋ ಹೊತ್ತಿಗೆ ಉದುರುತ್ತೆ. ಇದನ್ನ ಮಗಳು ಹೇಳಿದಾಗ ನಾನು ಒಂದು ನಿಮಿಷ ಸುಮ್ಮನಾದೆ. ಇಪ್ಪತ್ತಾರು ವರ್ಷ ಒಲೆ ಮುಂದೆ ನಿಂತವನು, ಬಿಸಿಗೆ ಗಟ್ಟಿಯಾಗಿ ತಣ್ಣಗಾದರೆ ಕರಗೋ ಅಂಟು ಇದೆ ಅಂತ ಕೇಳಿಯೇ ಇರಲಿಲ್ಲ.

ಅಂಗಳಕ್ಕೆ ಮೆತ್ತಿಕೊಂಡಿದ್ದು ಕೊಬ್ಬು. ಕುರಿ ಕೊಬ್ಬಿನ ಬದಲು ಇದರಲ್ಲಿ ಹೆಚ್ಚಾಗಿ ತೆಂಗಿನೆಣ್ಣೆ ಹಾಕ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ; ಮಾಗಿ ಚಳಿಯಲ್ಲಿ ಬಚ್ಚಲುಮನೆಯ ಎಣ್ಣೆ ಬಾಟಲಿ ನೋಡಿದರೆ ಸಾಕು. ಮಾಲ್ ಒಳಗೆ ಏಸಿ ಜೋರಿದ್ದರೆ ಆ ಬಾಟಲಿಗೆ ಆಗೋದೇ ನಿಮ್ಮ ತಟ್ಟೆಗೂ ಆಗುತ್ತೆ. ಕುರಿ ಕೊಬ್ಬೇನು ಸಾಚಾ ಅಲ್ಲ, ಅದೂ ಆರಿದರೆ ತುಟಿಗೆ ಮೆತ್ತುತ್ತೆ. ಅದಕ್ಕೇ ಬೀಗರ ಊಟದಲ್ಲಿ ಸಾರನ್ನ ಕೊನೇ ಪಂಕ್ತಿವರೆಗೂ ಒಲೆ ಮೇಲಿಂದ ಇಳಿಸಲ್ಲ ನಾನು.

ಅಂದರೆ ಕೈಗೆ ಬಂದ ಮೇಲೆ ಹತ್ತು ನಿಮಿಷದೊಳಗೆ ತಿಂದು ಮುಗಿಸಿ. ಫೋಟೋ ಒಂದೇ ಸಾಕು.

ಇದು ಏನು, ಏನಲ್ಲ

ಬೋರ್ಡಿನ ಮೇಲೆ ವೆಜ್ ಅಂತ ಒಂದಿರುತ್ತೆ, ಪ್ಲಾಂಟ್ ಬೇಸ್ಡ್ ಅಂತ ಒಂದಿರುತ್ತೆ, ಕೆಲವು ಕಡೆ ವೀಗನ್ ಅಂತಲೂ ಇರುತ್ತೆ. ಮೂರೂ ಬೇರೆ ಬೇರೆ. ಮೆಕ್‌ಡೊನಾಲ್ಡ್ಸ್‌ನವರು 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆಗೆದಾಗಲೇ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟು ಬಂದರು. ಆಲೂ ಟಿಕ್ಕಿ ಬರ್ಗರ್ ಈ ದೇಶಕ್ಕೆ ಅಂತಲೇ ಹುಟ್ಟಿದ್ದು. ಗಿಡದಿಂದ ಬಂದಿದ್ದು ಅನ್ನೋದಾದರೆ ಆಲೂಗಡ್ಡೆಯೂ ಗಿಡದ್ದೇ. ಆದರೆ ಅದು ಆಲೂ ಬೋಂಡದ ತಮ್ಮ, ಬಾಡಿನ ವೇಷ ಹಾಕೋ ಆಸೆ ಅದಕ್ಕಿಲ್ಲ. ಪ್ಲಾಂಟ್ ಬೇಸ್ಡ್ ಅನ್ನೋದು ವೇಷಗಾರ. ಬಾಡಿನ ಹಾಗೆ ಕಾಣಬೇಕು, ಬಾಡಿನ ಹಾಗೆ ಹಲ್ಲಿಗೆ ಸಿಗಬೇಕು ಅಂತಲೇ ಮಾಡಿದ್ದು. ಹಾಗಾಗಿ ಇದು ಬಾಡು ತಿನ್ನೋರಿಗೆ ಮಾಡಿರೋ ತಿಂಡಿ. ಸಸ್ಯಾಹಾರಿಗಳು ಇದಕ್ಕೆ ಕಾಸು ಸುರಿಯೋ ಅಗತ್ಯವೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಹೇಳ್ತೀನಿ ಅಂದರೆ, ಎರಡನೇ ಸಲ ಹೋದಾಗ ಮೈಸೂರಿನ ಅಗ್ರಹಾರದ ಕಡೆಯ ಭಟ್ಟರೊಬ್ಬರನ್ನ ಜೊತೆಗೆ ಕರಕೊಂಡು ಹೋಗಿದ್ದೆ. ಎಷ್ಟೋ ಮದುವೆಗಳಲ್ಲಿ ಧಾರೆ ದಿನದ ಊಟ ಅವರದು, ಮಾರನೇ ದಿನದ್ದು ನಂದು. ಹಳೇ ಸ್ನೇಹ. ಒಂದು ಚೂರು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದರು. ಹೇಗಿದೆ ಅಂದೆ.

"ಅಲ್ಲಾ ಗೌಡ್ರೇ, ಬಾಡಿನ ಥರ ಇದೆಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಆಮೇಲೆ ಆ ಹೊಗೆ ವಾಸನೆಗೆ ಹೊಟ್ಟೆ ತೊಳೆಸಿತು ಅಂತ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ತಪ್ಪು ನಂದೇ. ನೀವು ಅಂಥವರನ್ನ ಕರಕೊಂಡು ಹೋಗೋದಾದರೆ, ಇದು ಬಾಡಿನ ವಾಸನೆಯನ್ನೇ ಹೊಡೆಯೋ ಹಾಗೆ ಮಾಡಿರೋದು ಅಂತ ಮೊದಲೇ ಹೇಳಿ.

ಗುರುತು ನೋಡೋದು ಸುಲಭ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಆದರೆ ನಮ್ಮ ದೇಶದ ನಿಯಮದಲ್ಲಿ ಹಾಲು, ಬೆಣ್ಣೆ, ಚೀಸು ಎಲ್ಲ ಸಸ್ಯಾಹಾರಕ್ಕೇ ಸೇರುತ್ತೆ, ಮೊಟ್ಟೆ ಸೇರಲ್ಲ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು, ಈಗ ಕಂದು ತ್ರಿಕೋನ. ಹಾಲೂ ಬೇಡ ಅನ್ನೋ ವೀಗನ್ ಮಂದಿ ಪೊಟ್ಟಣದ ಮೇಲೆ ವಿ ಅಕ್ಷರದ ಹಸಿರು ಗುರುತು ಹುಡುಕಬೇಕು. ಅದಕ್ಕೆ 2022ರಲ್ಲಿ ಬೇರೆಯೇ ನಿಯಮ ಬಂತು. ಬಿಲ್ಲೆ ಸೋಯಾದ್ದೇ ಆದರೂ ಬನ್ನಿಗೆ ಹಾಲು, ಮೇಲೆ ಚೀಸು ಬಿದ್ದಿರಬಹುದು. ಕೌಂಟರಿನಲ್ಲಿ 'ಬನ್ನು, ಸಾಸು, ಚೀಸು ಮೂರರಲ್ಲೂ ಏನೇನಿದೆ' ಅಂತ ಕೇಳಿ. ಅಲ್ಲಿನ ಹುಡುಗರಿಗೆ ಬೇಜಾರಾಗಲ್ಲ. ಸೋಯಾ ಅಥವಾ ಗೋಧಿ ಆಗದವರು ಇದನ್ನ ಕೇಳದೆ ಬಾಯಿಗೆ ಇಡಲೇಬಾರದು.

ಅಲಸಂದೆ ಬೇರು

ಈ ಬರ್ಗರು ಬಾಡಿನ ಬಣ್ಣ ಎಲ್ಲಿಂದ ತಂತು ಅನ್ನೋದನ್ನ ನಮ್ಮ ಹೊಲದಲ್ಲೇ ನೋಡಬಹುದು. ಹೂ ಬಿಡೋ ಹೊತ್ತಿನ ಅಲಸಂದೆ ಗಿಡವೊಂದನ್ನ ಬೇರು ಹರಿಯದ ಹಾಗೆ ಮಣ್ಣು ಸಡಿಲಿಸಿ ಕಿತ್ತುಕೊಳ್ಳಿ. ಬೇರಿನ ಮೇಲೆ ಸಾಸಿವೆಗಿಂತ ದಪ್ಪ, ಮೆಣಸಿನ ಕಾಳಿನಷ್ಟು ಗಂಟುಗಳು ಕಾಣ್ತವೆ. ಚಿಕ್ಕವರಿದ್ದಾಗ ನಾವು ರೋಗ ಅಂತ ತಿಳಕೊಂಡಿದ್ದೆವು. ಒಂದು ಗಂಟನ್ನ ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು, ಕುಯ್ದ ಬಾಡಿನ ಬಣ್ಣ. ಗಾಳಿಯ ಸಾರಜನಕವನ್ನ ಗಿಡಕ್ಕೆ ಒದಗಿಸೋ ಬ್ಯಾಕ್ಟೀರಿಯಾಗಳ ಮನೆ ಅದು. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಅದರ ಹೆಸರು ಲೆಗ್‌ಹಿಮೋಗ್ಲೋಬಿನ್.

ಅಮೆರಿಕದ ಇಂಪಾಸಿಬಲ್ ಫುಡ್ಸ್ ಅನ್ನೋ ಕಂಪನಿಯ ಗುಟ್ಟು ಇದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ಪ್ಯಾಟ್ರಿಕ್ ಬ್ರೌನ್ 2011ರಲ್ಲಿ ಶುರು ಮಾಡಿದ್ದು. ಸೋಯಾ ಬೇರಿನ ಈ ಕೆಂಪು ವಸ್ತುವಿನ ಜೀನನ್ನ ಯೀಸ್ಟಿಗೆ ಸೇರಿಸಿ, ಹುದುಗು ಬರಿಸಿ, ತೊಟ್ಟಿಗಟ್ಟಲೆ ತೆಗೀತಾರೆ. ಬಿಸಿ ತಾಗಿದಾಗ ಬಾಡು ಬೆಂದ ವಾಸನೆ ಬರೋದು ಅದರಿಂದಲೇ. ಇನ್ನೊಂದು ಕಂಪನಿ, ಬಿಯಾಂಡ್ ಮೀಟ್, ಬಟಾಣಿಯ ಪ್ರೋಟೀನ್ ಹಿಡಿದು, ಬಣ್ಣಕ್ಕೆ ಬೀಟ್‌ರೂಟ್ ಹಾಕಿತು. ನಮ್ಮಲ್ಲಿ ಸಿಗೋದು ಹೆಚ್ಚಾಗಿ ಸೋಯಾ, ಬಟಾಣಿ. ಅಲಸಂದೆ ಗಂಟಿನ ಗಮ್ಮತ್ತು ಇಲ್ಲಿ ನಿರೀಕ್ಷೆ ಮಾಡಬೇಡಿ.

ನಾರು ನಾರಾಗಿ ಹಲ್ಲಿಗೆ ಸಿಗೋದು ಹೇಗೆ ಅಂತ ಕೇಳಿದೆ. ಶಾವಿಗೆ ಒರಳು ನೆನಪಿಸಿಕೊಳ್ಳಿ ಅಂದಳು ಮಗಳು. ಎಣ್ಣೆ ತೆಗೆದ ಸೋಯಾ ಹಿಟ್ಟನ್ನ ನೀರು ಬೆರೆಸಿ, ಕಾವು ಕೊಟ್ಟು, ಒತ್ತಡದಲ್ಲಿ ಸಣ್ಣ ಬಾಯಿಂದ ನೂಕಿದರೆ ಪ್ರೋಟೀನು ಎಳೆಎಳೆಯಾಗಿ ಜೋಡಿಸಿಕೊಳ್ಳುತ್ತೆ. ದಿನಸಿ ಅಂಗಡಿಯ ಸೋಯಾ ಚಂಕ್ಸೂ ಹೀಗೇ ತಯಾರಾಗೋದು.

ಆರ್ಡರ್ ಮಾಡೋದು

ಹೊಟ್ಟೆ ತೀರಾ ಹಸಿದಾಗ ಹೋಗಬೇಡಿ, ಹಸಿದವನಿಗೆ ರಟ್ಟೂ ರುಚಿಯೇ. ಮಧ್ಯಾಹ್ನ ನಾಲ್ಕರ ಹೊತ್ತು ಒಳ್ಳೇದು. ಜನ ಕಮ್ಮಿ, ಆಗ ಬೇಯಿಸಿದ್ದನ್ನ ಆಗಲೇ ಕೊಡ್ತಾರೆ. ಭಾನುವಾರ ಸಂಜೆ ಮಾಲಿನ ಕಡೆ ತಲೆ ಹಾಕಲೇಬೇಡಿ.

ಅಂಗಡಿಯೊಳಗೆ ಆಳೆತ್ತರದ ಟಚ್ ಸ್ಕ್ರೀನ್ ನಿಂತಿರುತ್ತೆ. ಮೊದಲ ಸಲ ಮಗಳು ಕೈ ತೊಳೆಯೋಕೆ ಹೋದಳು ಅಂತ ನಾನೇ ಒತ್ತೋಕೆ ಶುರು ಮಾಡಿದೆ. ಬರ್ಗರ್ ಒತ್ತಿದರೆ 'ಮೀಲ್ ಮಾಡ್ಲಾ' ಅಂತ ಕೇಳುತ್ತೆ. 'ದೊಡ್ಡದು ಮಾಡ್ಲಾ' ಅನ್ನುತ್ತೆ. 'ಚೀಸ್ ಹಾಕ್ಲಾ' ಅನ್ನುತ್ತೆ. ಬೀಗರು ಎಲೆ ಮುಂದೆ ನಿಂತು ಬಲವಂತ ಮಾಡಿದ ಹಾಗೆ. ನಮ್ಮ ಕಡೆ ಅಭ್ಯಾಸ, ಬೇಡ ಅನ್ನೋಕೆ ಬಾಯಿ ಬರಲ್ಲ. ಕೊನೆಗೆ ಎರಡು ಕೋಲಾ, ಒಂದು ಬುಟ್ಟಿ ಫ್ರೈಸು, ಮೇಲೆ ಜಿಎಸ್‌ಟಿ. ಆ ದುಡ್ಡಿಗೆ ಅರ್ಧ ಕೆಜಿ ಬಾಡು ಬರ್ತಿತ್ತು. ಸ್ಕ್ರೀನ್ ಬಿಡಿ, ಕೌಂಟರಿಗೆ ಹೋಗಿ ಬಾಯಲ್ಲೇ ಹೇಳಿ: ಬರ್ಗರ್ ಮಾತ್ರ, ಮೀಲ್ ಬೇಡ, ಚೀಸ್ ಬೇಡ, ಸಾಸು ಪಕ್ಕಕ್ಕೆ ಕೊಡಿ, ಇಲ್ಲೇ ತಿಂತೀವಿ.

ಸಾಸು ಪಕ್ಕಕ್ಕೆ ಯಾಕೆ? ಸಾರಿನ ಖಾರ ಜೋರಾದರೆ ಬಾಡು ಹಳೇದಾ ಹೊಸದಾ ಅಂತ ಗೊತ್ತಾಗಲ್ಲ. ಇದು ಅಡುಗೆಯವರ ಹಳೇ ಕಳ್ಳಾಟ. ಮೇಯೋ, ಕೆಚಪ್ಪು, ಈರುಳ್ಳಿ, ಉಪ್ಪಿನಕಾಯಿ ಸೌತೆ ಎಲ್ಲ ಒಟ್ಟಿಗೆ ಬಾಯಿಗೆ ಬಂದರೆ ಒಳಗೆ ಸೋಯಾ ಇದೆಯೋ ಆಲೂ ಇದೆಯೋ ದೇವರಿಗೇ ಗೊತ್ತು.

ಇಬ್ಬರು ಹೋದರೆ ಎರಡು ತಗೋಬೇಡಿ. ಒಂದು ಪ್ಲಾಂಟ್ ಬೇಸ್ಡ್, ಒಂದು ಚಿಕನ್ ತಗೊಂಡು ಅರ್ಧರ್ಧ ಹಂಚಿಕೊಳ್ಳಿ. ಪಕ್ಕದಲ್ಲಿ ಹೋಲಿಕೆಗೆ ಒಂದಿದ್ದರೆ ನಾಲಿಗೆ ನಿಜ ಹೇಳುತ್ತೆ.

ತಿನ್ನೋದು

ತಟ್ಟೆ ಬಂತು. ಮೇಲಿನ ಬನ್ನು ಎತ್ತಿ ಪಕ್ಕಕ್ಕಿಡಿ. ಯಾರಾದರೂ ನೋಡಿ ನಕ್ಕರೆ ನಗಲಿ.

ಮೊದಲು ಅಂಚು ನೋಡಿ. ಬಿಲ್ಲೆಯ ಅಂಚು ಕಂದಾಗಿ, ಅಲ್ಲಲ್ಲಿ ಸೀದ ಹಾಗೆ ಇರಬೇಕು. ಎಲ್ಲ ಕಡೆ ಒಂದೇ ಬಣ್ಣ ಇದ್ದರೆ ಹಂಚು ಕಾದಿಲ್ಲ, ಅಥವಾ ಬೇಯಿಸಿ ಬಹಳ ಹೊತ್ತಾಗಿದೆ. ಮೇಲೆ ದಪ್ಪ ರೊಟ್ಟಿಪುಡಿ ಕವಚ ಇದ್ದರೆ ಅದು ಕರಿದ ಕಟ್ಲೆಟ್ ಜಾತಿ. ನಿಮ್ಮ ಪರೀಕ್ಷೆ ಅರ್ಧ ಅಲ್ಲಿಗೇ ಮುಗೀತು, ಕರಿದದ್ದೆಲ್ಲ ರುಚಿಯೇ ಇರುತ್ತೆ.

ಆಮೇಲೆ ಬೆರಳಲ್ಲಿ ಮೆಲ್ಲಗೆ ಒತ್ತಿ. ಕೈಮ ಉಂಡೆಯಾದರೆ ಒತ್ತಿದ ಜಾಗ ಮತ್ತೆ ಮೇಲೇಳುತ್ತೆ, ಬೆರಳಿಗೆ ಸ್ವಲ್ಪ ರಸ ಅಂಟುತ್ತೆ. ನಾನು ತಿಂದ ಐದರಲ್ಲಿ ಎರಡು ಹಾಗೆ ಎದ್ದವು, ಮೂರು ಒತ್ತಿದ ಹಾಗೇ ಕೂತವು. ಎದ್ದ ಎರಡೂ ಸಂಜೆ ನಾಲ್ಕರ ಹೊತ್ತಿನವು ಅನ್ನೋದನ್ನ ಗಮನಿಸಿ.

ಈಗ ಅಂಚಿಂದ ಒಂದು ಹೆಬ್ಬೆರಳಷ್ಟು ಚೂರು ಮುರಿದು, ಬನ್ನಿಲ್ಲದೆ, ಸಾಸಿಲ್ಲದೆ ಬಾಯಿಗೆ ಹಾಕಿಕೊಳ್ಳಿ. ಮೂಗಿಗೆ ಮೊದಲು ಹೊಗೆ ಬರುತ್ತೆ. ಅದನ್ನ ನಂಬಬೇಡಿ, ಹೊಗೆ ವಾಸನೆ ಹಾಕೋದು ಸುಲಭ. ಅದರ ಹಿಂದೆ ಬರೋದನ್ನ ಕಾಯಿರಿ. ನೆನೆಸಿದ ಕಾಳನ್ನ ಹಸಿಯಾಗಿ ರುಬ್ಬಿದಾಗ ಬರೋ ಒಂದು ಸೊಗಡು ಇದೆಯಲ್ಲ, ಅದು ಸೋಯಾದ ಹುಟ್ಟುಗುಣ. ಚೆನ್ನಾಗಿ ಮಾಡಿದ್ದರಲ್ಲಿ ಅದು ಕೊನೆಗೆ, ನುಂಗಿದ ಮೇಲೆ, ತೆಳ್ಳಗೆ ಬರುತ್ತೆ. ಕೆಟ್ಟದ್ದರಲ್ಲಿ ಮೊದಲೇ ಬಂದು ಕೂತಿರುತ್ತೆ.

ಅಗಿಯೋವಾಗ ನಿಧಾನ ಮಾಡಿ. ಬಾಡು ಮೊದಲು ಎದುರು ಹೇಳುತ್ತೆ, ಆಮೇಲೆ ಎಳೆ ಬಿಡುತ್ತೆ, ಒಂದೆರಡು ಎಳೆ ಹಲ್ಲುಸಂದಿಯಲ್ಲಿ ಉಳಿದು ರಾತ್ರಿವರೆಗೂ ಕಾಡುತ್ತೆ. ಇದು ಮೊದಲ ನಾಲ್ಕೈದು ಸಲ ಅಗಿಯೋವರೆಗೆ ಥೇಟ್ ಕೈಮ. ಏಳನೇ ಸಲಕ್ಕೆ ಕೈಬಿಡುತ್ತೆ. ಒಮ್ಮೆಲೇ ಮೆತ್ತಗಾಗಿ, ಹುರುಳಿ ಬೇಯಿಸಿ ಹಿಸುಕಿದ ಹಾಗೆ ಆಗುತ್ತೆ. ಆ ಏಳನೇ ಅಗಿತದಲ್ಲೇ ಗೊತ್ತಾಗೋದು, ಇದು ವೇಷ ಅಂತ. ಇಂಥ ಕಂಪನಿಗಳು ಚಾಪ್ಸು, ಬೋಟಿ ಬಿಟ್ಟು ಬರ್ಗರಿಂದಲೇ ಯಾಕೆ ಶುರು ಮಾಡಿದರು ಅನ್ನೋದೂ ನನಗೆ ಅಲ್ಲೇ ಹೊಳೀತು. ಕೊಚ್ಚಿದ ಬಾಡಿಗೆ ಮೂಳೆ ಇಲ್ಲ, ನರ ಇಲ್ಲ, ಪದರ ಇಲ್ಲ. ವೇಷ ಹಾಕೋಕೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ನಲ್ಲಿ ಮೂಳೆ ಹೀರೋ ಸುಖವನ್ನ ಸೋಯಾದಲ್ಲಿ ಮಾಡಿ ತೋರಿಸಲಿ, ಆವತ್ತು ಹಾರ ಹಾಕ್ತೀನಿ.

ಬರೀ ಚೂರು ತಿಂದು ಮುಗಿದ ಮೇಲೆ ಬನ್ನು ಮುಚ್ಚಿ, ಸಾಸು ಸ್ವಲ್ಪ ಹಚ್ಚಿ, ಇಡಿಯಾಗಿ ಕಚ್ಚಿ. ನಡುವೆ ಕೋಲಾ ಬೇಡ, ನೀರು ಕುಡೀರಿ. ನನ್ನ ಲೆಕ್ಕದಲ್ಲಿ ಬಾಡು ಅಂತ ಹೋಲಿಸಿದರೆ ಹತ್ತಕ್ಕೆ ನಾಲ್ಕು, ಸುಮ್ಮನೆ ಒಂದು ತಿಂಡಿ ಅಂತ ನೋಡಿದರೆ ಏಳು.

ಆರೋಗ್ಯದ ಲೆಕ್ಕ

ಗಿಡದ್ದು ಅಂದ ಕೂಡಲೇ ಆರೋಗ್ಯ ಅಂತ ನಾನೂ ತಿಳಕೊಂಡಿದ್ದೆ. ಮಗಳು ಇಂಪಾಸಿಬಲ್ ಬಿಲ್ಲೆಯ 2019ರ ಲೆಕ್ಕ ತೋರಿಸಿದಳು: 113 ಗ್ರಾಂ ತೂಕಕ್ಕೆ 240 ಕ್ಯಾಲರಿ, 19 ಗ್ರಾಂ ಪ್ರೋಟೀನ್, ಸ್ಯಾಚುರೇಟೆಡ್ ಕೊಬ್ಬು 8 ಗ್ರಾಂ, ಸೋಡಿಯಂ 370 ಮಿಲಿಗ್ರಾಂ. ಕೊಲೆಸ್ಟ್ರಾಲ್ ಸೊನ್ನೆ. ಪ್ರೋಟೀನಲ್ಲಿ ಬಾಡಿಗೆ ಸಾಟಿ, ಆದರೆ ತೆಂಗಿನೆಣ್ಣೆಯಿಂದ ಕೊಬ್ಬು ಬಂತು, ರುಚಿಗೆ ಉಪ್ಪು ಬಂತು. ಉಪ್ಪು ಹಾಕದ ಹಸಿ ಬಾಡಿನಲ್ಲಿ ಅಷ್ಟು ಸೋಡಿಯಂ ಇರಲ್ಲ. ಇದು ಬರೀ ಬಿಲ್ಲೆಯದು. ಬನ್ನು, ಸಾಸು, ಚೀಸಿನದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ಒಳಗೆ ಇರಿ ಅನ್ನುತ್ತೆ. ನನ್ನ ಥರ ಬಿಪಿ ಇರೋರು ಬರ್ಗರ್ ತಿಂದ ದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡಿ.

ಅಮೆರಿಕಕ್ಕೆ ಮಕ್ಕಳ ಮನೆಗೆ ಅಂತ ಆರು ತಿಂಗಳು ಹೋಗೋ ಮೈಸೂರಿನ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಬರ್ಗರ್ ಕಿಂಗ್ 2019ರ ಆಗಸ್ಟಿನಿಂದ ಆ ದೇಶದ ತುಂಬ ಇಂಪಾಸಿಬಲ್ ವಾಪರ್ ಮಾರ್ತಿದೆ. ಬಿಲ್ಲೆ ಗಿಡದ್ದೇ. ಆದರೆ ಬಾಡಿನ ಬಿಲ್ಲೆ ಸುಡೋ ಅದೇ ಬೆಂಕಿಯ ಯಂತ್ರದಲ್ಲೇ ಅದನ್ನೂ ಸುಡ್ತಾರೆ, ಮೇಲೆ ಹಚ್ಚೋ ಮೇಯೋದಲ್ಲಿ ಮೊಟ್ಟೆ ಇರುತ್ತೆ. ಇದೇ ವಿಷಯಕ್ಕೆ ಅಲ್ಲೊಬ್ಬ ವೀಗನ್ ಗ್ರಾಹಕ ಕೋರ್ಟಿಗೂ ಹೋಗಿದ್ದ, ಕೇಸು ಬಿದ್ದುಹೋಯ್ತು. ಆ ಮಡಿ ನಿಮಗೆ ಬೇಕಿದ್ದರೆ ಬೇರೆಯಾಗಿ ಬೇಯಿಸಿ, ಮೇಯೋ ಹಾಕಬೇಡಿ ಅಂತ ಮಕ್ಕಳ ಹತ್ತಿರ ಹೇಳಿಸಿ. ನಮ್ಮ ದೇಶದ ಹಸಿರು ಚುಕ್ಕೆ ಅಲ್ಲಿ ಹುಡುಕಿದರೆ ಸಿಗಲ್ಲ.

ಮನೆಗೆ ಬಂದ ಮೇಲೆ

ಮೂರನೇ ಸಲ ಹೋಗಿ ಬರ್ತಾ ಮಗಳು ಕೆಆರ್‌ಎಸ್ ರಸ್ತೆಯಲ್ಲಿ ಆಟೋ ನಿಧಾನ ಮಾಡಿಸಿ ಚೆಲುವಾಂಬ ಅರಮನೆ ತೋರಿಸಿದಳು. 1950ರಿಂದ ಅಲ್ಲಿ ಸಿಎಫ್‌ಟಿಆರ್‌ಐ, ಆಹಾರ ಸಂಶೋಧನೆಯ ಕೇಂದ್ರ ಸಂಸ್ಥೆ. ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಬಡವರ ಮಕ್ಕಳಿಗೆ ಅಂತ ಪ್ರೋಟೀನಿನ ಪುಡಿ ಮಾಡಿದ್ದು ಇದೇ ಅರಮನೆಯೊಳಗೆ. ಆ ಕಡಲೆಕಾಯಿ ಹಿಟ್ಟು ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ. ನಾವು ಎತ್ತಿಗೆ ಹಾಕ್ತಿದ್ದದ್ದು. ಈಚೆಗೆ ಈ ಸಂಸ್ಥೆಯವರು ಮೆಕ್‌ಡೊನಾಲ್ಡ್ಸ್ ಜೊತೆ ಸೇರಿ 2024ರಲ್ಲಿ ರಾಗಿ, ಜೋಳ, ಸಜ್ಜೆ ಎಲ್ಲ ಇರೋ ಸಿರಿಧಾನ್ಯದ ಬನ್ನು, 2025ರಲ್ಲಿ ಸೋಯಾ-ಬಟಾಣಿಯ ಪ್ರೋಟೀನ್ ಸ್ಲೈಸ್ ತಂದರು. ಸ್ಲೈಸಿಗೆ 5 ಗ್ರಾಂ ಪ್ರೋಟೀನು. ಅದು ಬಾಡಿನ ವೇಷ ಹಾಕಲ್ಲ, ಚೀಸಿನ ಹಾಗೆ ತೆಳ್ಳಗೆ ಬರ್ಗರೊಳಗೆ ಕೂರುತ್ತೆ. ಬಾಡಿನ ಹುಚ್ಚಿಲ್ಲದೆ ಪ್ರೋಟೀನಷ್ಟೇ ಬೇಕಿದ್ದವರು ಅದನ್ನೇ ಹಾಕಿಸಿಕೊಳ್ಳಿ.

ನನಗೆ ತಲೆಗೆ ಹತ್ತಿದ್ದು ಬೇರೆ. ಅಂಗಡಿಯವರು ಇಷ್ಟು ಮಾಡಿದರೆ ನಾನು ಸೋಯಾದಲ್ಲಿ ಕೈಮ ಉಂಡೆ ಮಾಡಬಾರದಾ? ನಾಲ್ಕು ಸಲ ಕೆಡಿಸಿ ಐದನೇ ಸಲಕ್ಕೆ ಹದ ಸಿಕ್ಕಿತು. ಸೋಯಾ ಚಂಕ್ಸ್ 100 ಗ್ರಾಂ ತಗೊಳ್ಳಿ. ಒಣಗಿದ್ದರಲ್ಲಿ ಅರ್ಧದಷ್ಟು ಬರೀ ಪ್ರೋಟೀನು. ಕುದಿಯೋ ನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ನೆನೆಸಿ. ಹಿಂಡಿ ಆ ನೀರು ಚೆಲ್ಲಿ. ತಣ್ಣೀರು ಹಾಕಿ ಮತ್ತೆ ಹಿಂಡಿ. ಮೂರು ಸಲ. ನೊರೆ ನೊರೆಯಾಗಿ ಹೋಗೋ ಆ ನೀರಲ್ಲೇ ಸೊಗಡು ಇರೋದು, ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಯಾವ ಮಸಾಲೆಯೂ ಕಾಪಾಡಲ್ಲ. ಮಿಕ್ಸಿಯಲ್ಲಿ ತಡೆದು ತಡೆದು ತಿರುಗಿಸಿ, ತರಿತರಿ ಇರಲಿ, ನುಣ್ಣಗಾದರೆ ಚಟ್ನಿ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು, ಒಂದು ಹಿಡಿ ತೆಂಗಿನಕಾಯಿ ಒಟ್ಟಿಗೆ ರುಬ್ಬಿ ಸೇರಿಸಿ. ಅಂಟಿಗೆ ಹುರಿಗಡಲೆ ಪುಡಿ. ಬಾಡಿನ ಕೈಮಕ್ಕೆ ಎರಡು ಚಮಚ ಸಾಕಾದರೆ ಇದಕ್ಕೆ ನಾಲ್ಕು ಬೇಕು, ಬಾಡಿಗಿರೋ ಸ್ವಂತ ಅಂಟು ಸೋಯಾಕ್ಕಿಲ್ಲ. ಒಂದು ಚಮಚ ತುಪ್ಪ. ನಿಂಬೆ ಗಾತ್ರ ಉಂಡೆ ಕಟ್ಟಿ, ಮೊದಲು ಒಂದೇ ಒಂದನ್ನ ಸಣ್ಣಗೆ ಕುದಿಯೋ ಸಾರಿಗೆ ಬಿಡಿ. ಒಡೆದರೆ ಇನ್ನೊಂದು ಚಮಚ ಹುರಿಗಡಲೆ. ಒಡೆಯದಿದ್ದರೆ ಮಿಕ್ಕಿದ್ದನ್ನೆಲ್ಲ ಬಿಟ್ಟು ಎಂಟು ನಿಮಿಷ. ಸೌಟು ಹಾಕಬೇಡಿ, ಪಾತ್ರೆಯನ್ನೇ ಅಲ್ಲಾಡಿಸಿ. ಬರ್ಗರೇ ಆಗಬೇಕು ಅನ್ನೋರು ಉಂಡೆ ತಟ್ಟಿ, ಕಾವಲಿ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿಕೊಳ್ಳಿ.

ಶೆಡ್ಡಿನ ಹುಡುಗರಿಗೆ ಏನೂ ಹೇಳದೆ ಬಡಿಸಿದೆ. ಒಬ್ಬ ನಾಲ್ಕು ಉಂಡೆ ತಿಂದು ಕೈ ನೆಕ್ಕುತ್ತಾ, "ಅಣ್ಣ, ಸಾರು ಬೊಂಬಾಟಾಗದೆ. ಬಾಡು ಹಾಕೋದು ಮರ್ತ್ರೇನೋ" ಅಂದ.

ಬನ್ನಿನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಮಗಳು ಬೇಕರಿಯಿಂದ ಒಂದು ಡಜನ್ ತಂದಿಟ್ಟಿದ್ದಳು. ನಾವೆಲ್ಲ ಮುದ್ದೆ ಜೊತೆ ತಿಂದೆವು, ಬನ್ನು ಬೆಳಗ್ಗೆ ಕಾಫಿಗೆ ಆಯ್ತು.